ಹೆಜ್ಜೆಗಾರನ ದಾರ

ನಮ್ಮ ಊರು ಎಷ್ಟು ಅಗಲ ಎಂದು ಯಾರಾದರೂ ಕೇಳಿದರೆ, ಯಾವ ವರ್ಷದ ಮಾತು ಎಂದು ನಾವು ಮೊದಲು ಕೇಳುತ್ತಿದ್ದೆವು.

ಊರಿನ ನಡುವೆ ಒಂದು ಕಲ್ಲು. ಕಲ್ಲಿನ ಪಕ್ಕ ಒಂದು ಬಾವಿ. ಸುತ್ತ ಕಣ್ಣು ಹೋದಷ್ಟು ದೂರ ಎದೆಮಟ್ಟದ ಹುಲ್ಲು. ಆ ಬಯಲಿನಲ್ಲಿ ಎಲ್ಲಿ ಅಗೆದರೂ ಉಪ್ಪುನೀರು, ಆ ಬಾವಿಯೊಂದರಲ್ಲಿ ಮಾತ್ರ ಸಿಹಿನೀರು. ಗಾಡಿ ಕಟ್ಟಿಕೊಂಡು ಮೂಡಲಿಂದ ಬಂದ ನಮ್ಮ ಹಿರಿಯರು ಬಾವಿ ಕಂಡು ಅಲ್ಲೇ ಎತ್ತು ಬಿಚ್ಚಿದರಂತೆ. ಎಲ್ಲರೂ ಹಗ್ಗಕ್ಕೆ ಮುಗಿಬಿದ್ದು, ಹೊಡೆದಾಟವಾಗಿ, ಮೂರು ಹೆಣ ಬಿದ್ದ ಮೇಲೆ ಕಟ್ಟಳೆ ಮಾಡಿದರು. ಕಲ್ಲಿನಿಂದ ನಾಲ್ಕು ದಿಕ್ಕಿಗೂ ಸಾವಿರ ಹೆಜ್ಜೆ. ಅಷ್ಟು ಊರು. ಒಳಗಿದ್ದವನು ಬಾವಿಯ ಹಗ್ಗ ಹಿಡಿಯಬಹುದು, ಹೊರಗಿದ್ದವನು ಹಿಡಿಯಕೂಡದು. ಸಾವಿರ ಹೆಜ್ಜೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಯಾರ ಹೆಜ್ಜೆ ಎಂಬ ಮಾತು ಬಂತು. ಅದಕ್ಕೆ ಒಬ್ಬನನ್ನು ಆರಿಸಿದರು. ಅವನೇ ಹೆಜ್ಜೆಗಾರ. ಒಮ್ಮೆ ಆರಿಸಿದರೆ ಸಾಯುವ ತನಕ ಅವನೇ. ನಡುವೆ ಬದಲಿಸಿದರೆ ಮತ್ತೆ ಹೆಣ ಬೀಳುತ್ತವೆ ಎಂಬ ಹೆದರಿಕೆ.

ಪ್ರತಿ ವರ್ಷ ಗೋಧಿ ಕೊಯ್ಲು ಮುಗಿದು ಮೊದಲ ಹಿಮ ಬೀಳುವ ಮುಂಚೆ, ಒಂದು ಬೆಳಗ್ಗೆ, ಅಳತೆ. ಹೆಜ್ಜೆಗಾರ ಬಾವಿಯ ನೀರಿನಲ್ಲಿ ಕಾಲು ತೊಳೆಯುತ್ತಾನೆ. ಬರಿಗಾಲಲ್ಲಿ ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಲ್ಲುತ್ತಾನೆ. ಕರಣಿಕ ಒಂದು ಎನ್ನುತ್ತಾನೆ, ಊರು ಒಂದು ಎನ್ನುತ್ತದೆ. ಕರಣಿಕ ಎರಡು ಎನ್ನುತ್ತಾನೆ, ಊರು ಎರಡು ಎನ್ನುತ್ತದೆ. ಮೂಡಲಿಗೆ ಸಾವಿರ, ತೆಂಕಲಿಗೆ ಸಾವಿರ, ಪಡುವಲಿಗೆ ಸಾವಿರ, ಬಡಗಲಿಗೆ ಸಾವಿರ. ಸಾವಿರದ ಹೆಜ್ಜೆ ಊರಿದ ಕಡೆ ಸುಣ್ಣದ ಬುಟ್ಟಿ ಇಳಿಸುತ್ತಾರೆ. ಹೆಜ್ಜೆಗಾರ ತನ್ನ ಕೈಯಿಂದಲೇ ಗೆರೆ ಎಳೆಯುತ್ತಾನೆ. ಮಾರನೆಯ ದಿನದಿಂದ ಗೆರೆಯ ಆಚೆಯವರ ಜೊತೆ ಈಚೆಯವರು ಮಾತಾಡುವಂತಿಲ್ಲ. ಆಚೆಯವರು ಈಚೆಯ ನೆಲ ತುಳಿಯುವಂತಿಲ್ಲ. ನೀರು ಬೇಕಾದರೆ ಅರ್ಧ ದಿನ ನಡೆದು ಹೊಳೆಗೆ ಹೋಗಬೇಕು. ಹೆಜ್ಜೆಗಾರನೊಬ್ಬ ಮಾತ್ರ ಗೆರೆಯ ಮೇಲೆ ನಿಂತು ಎರಡೂ ಕಡೆ ಮಾತಾಡಬಹುದು. ಗೆರೆ ಎಳೆದವನು ಅವನು ತಾನೆ.

ನಾನು ಜವಳಿ ವ್ಯಾಪಾರಿ. ನನಗೂ ಈ ಹೆಜ್ಜೆಗೂ ಒಂದು ಸಂಬಂಧ ಉಂಟು. ಅಳತೆಯ ದಿನ ಕರಣಿಕ ಮೊದಲ ಹೆಜ್ಜೆಗೆ ಒಂದು ದಾರ ಹಿಡಿದು, ಎರಡು ತುದಿಗೂ ಗಂಟು ಹಾಕಿ, ಗಂಟಿನ ಮೇಲೆ ಅರಗು ಒತ್ತಿ ನನ್ನ ಅಂಗಡಿಗೆ ಕಳಿಸುತ್ತಿದ್ದ. ಆ ವರ್ಷವೆಲ್ಲ ಬಟ್ಟೆ ಅಳೆಯುವುದು ಆ ದಾರದಿಂದಲೇ. ಮದುವೆಯ ಸೀರೆಗೂ ಅದೇ, ಗೋಧಿ ಚೀಲಕ್ಕೂ ಅದೇ, ಹೆಣದ ಬಟ್ಟೆಗೂ ಅದೇ. ಹೆಣದ ಬಟ್ಟೆ ಮೂರು ಹೆಜ್ಜೆ. ಹೆಚ್ಚು ಕೊಟ್ಟರೆ ಸತ್ತವರು ಹೊರಳಿ ಬರುತ್ತಾರೆಂದು ನಂಬಿಕೆ. ಹೊಸ ದಾರ ಬಂದ ದಿನ ಹಳೆಯದನ್ನು ಒಲೆಗೆ ಹಾಕಬೇಕು.

ಈ ಹೆಜ್ಜೆಗಾರನನ್ನು ಆರಿಸಿದ್ದು ನಾನೇ ಎಂದರೂ ತಪ್ಪಿಲ್ಲ. ಅವನು ನನ್ನ ವಾರಿಗೆಯವನು. ಊರಿಗೆ ಬಂದ ಹೊಸದರಲ್ಲಿ ಬೇಲಿ ಜಗಳ ತೀರಿಸುವ ಕೆಲಸ ಕೊಟ್ಟರು, ತೀರಿಸಿದ. ತುಡುಗು ದನದ ದೊಡ್ಡಿ ಕಾಯುವ ಕೆಲಸ ಕೊಟ್ಟರು, ಕಾದ. ಹಾದಿ ರಿಪೇರಿ, ದಿಕ್ಕಿಲ್ಲದ ಹೆಣ ಹೂಳಿಸುವುದು, ಹೀಗೆ ಯಾರಿಗೂ ಬೇಡದ ಕೆಲಸಗಳೆಲ್ಲ ಒಂದಾದ ಮೇಲೊಂದು ಅವನ ಹೆಗಲಿಗೆ ಬಂದವು. ಆಗುವುದಿಲ್ಲ ಎನ್ನಲು ಬಾರದ ಮನುಷ್ಯ. ಹಳೆಯ ಹೆಜ್ಜೆಗಾರ ತೀರಿಕೊಂಡಾಗ ನಾನು ಸಭೆಯಲ್ಲಿ ಎದ್ದು ಇವನ ಕಾಲು ತೋರಿಸಿದೆ. ಅಷ್ಟು ಉದ್ದದ ಕಾಲು ಕುದುರೆಗೆ ಬಿಟ್ಟರೆ ಬೇರೆ ಯಾರಿಗೂ ಇರುವುದನ್ನು ನಾನು ಕಂಡಿರಲಿಲ್ಲ.

ಮೊದಲ ವರ್ಷದ ಹೆಜ್ಜೆ ಐದು ಗೇಣು ಬಂತು. ಕರಣಿಕ ಎರಡು ಸಲ ಹಿಡಿದು ನೋಡಿದ. ಐದೇ ಗೇಣು. ಆ ದಿನ ಊರು ಹುಲ್ಲಿನೊಳಕ್ಕೆ ಎಷ್ಟು ದೂರ ನುಗ್ಗಿತೆಂದರೆ ಸುಣ್ಣ ಸಾಲದೆ ಬೂದಿಯಲ್ಲಿ ಗೆರೆ ಎಳೆದರು. ಹಿಂದಿನ ವರ್ಷ ಹೊರಗಿದ್ದವರು ಬಿಂದಿಗೆ ಹಿಡಿದು ಓಡಿ ಬಂದರು. ಜನ ಅವನನ್ನು ಹೊತ್ತು ಕುಣಿದರು. ಅಂದಿನಿಂದ ಅವನ ಹೆಸರು ಹಿಡಿದು ಯಾರೂ ಕರೆಯಲಿಲ್ಲ. ಹೆಂಡತಿ ಕೂಡ ಹೆಜ್ಜೆಗಾರರು ಊಟಕ್ಕೆ ಬರಬೇಕಂತೆ ಎಂದು ಹೇಳಿಕಳಿಸುತ್ತಿದ್ದಳು. ಆಕೆ ಬೇಗ ತೀರಿಕೊಂಡಳು, ಒಬ್ಬ ಮಗಳನ್ನು ಬಿಟ್ಟು.

ಮಗಳ ಮದುವೆಯಾದಾಗ ಪಡುವಲ ತುದಿಯಲ್ಲಿ, ಸಾವಿರಕ್ಕೆ ನಲವತ್ತು ಹೆಜ್ಜೆ ಉಳಿದಿರುವಲ್ಲಿ, ಅವಳಿಗೆ ಮನೆ ಕಟ್ಟಿಸಿಕೊಟ್ಟ. ಅಷ್ಟು ದೂರ ಯಾಕೆ ಎಂದು ನಾನು ಕೇಳಿದ್ದೆ. ಹುಲ್ಲು ಚೆನ್ನಾಗಿದೆ, ನನ್ನ ಕಾಲಿದೆಯಲ್ಲ ಎಂದ.

ಕಾಲು ಇತ್ತು. ಆದರೆ ಕಾಲಿಗೆ ವಯಸ್ಸಾಗುತ್ತದೆ ಎಂಬುದನ್ನು ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಂದಿನ ಹೆಜ್ಜೆಗಾರರೆಲ್ಲ ಮುದುಕರಾಗುವ ಮೊದಲೇ ಜ್ವರಕ್ಕೋ ಹಿಮಕ್ಕೋ ಹೋಗಿದ್ದರು. ಇವನು ಗಟ್ಟಿ ಆಳು, ಹೋಗಲಿಲ್ಲ. ಇಪ್ಪತ್ತು ವರ್ಷ ದಾರ ಐದು ಗೇಣೇ ಬಂತು. ಇಪ್ಪತ್ತೊಂದನೆಯ ವರ್ಷ ಎರಡು ಬೆರಳು ಕಡಿಮೆ ಬಂತು. ಆ ಎರಡು ಬೆರಳಿಗೆ ಕುಂಬಾರನ ಮನೆ ಹೊರಗಾಯಿತು. ಕುಂಬಾರ ಮಡಕೆಗಳನ್ನು ಅಂಗಳದಲ್ಲಿ ಜೋಡಿಸಿಕೊಂಡು ನಕ್ಕ. ಬಾವಿಯೊಂದು ಬಿಟ್ಟು ನೀರಿಗೆ ಬೇಕಾದ್ದೆಲ್ಲ ನನ್ನ ಹತ್ತಿರ ಇದೆ ಎಂದ. ಅದು ಅವನು ನಮ್ಮ ಕಡೆಯವರಿಗೆ ಹೇಳಿದ ಕೊನೆಯ ಮಾತು.

ಅದರ ಮರುವರ್ಷ ಮಗಳ ಮನೆ. ಹೆಜ್ಜೆಗಾರ ಆರು ತಿಂಗಳಿಂದ ಮುಂಜಾನೆ ಹುಲ್ಲಿನಲ್ಲಿ ಕಾಲು ಚಾಚಿ ಚಾಚಿ ನಡೆದು ಅಭ್ಯಾಸ ಮಾಡಿದ್ದ. ತೊಡೆಗೆ ಎಣ್ಣೆ ತಿಕ್ಕಿಸಿಕೊಂಡಿದ್ದ. ಒಂಬೈನೂರ ತೊಂಬತ್ತು ಎಂದು ಊರು ಕೂಗುವಾಗ ಅವನ ಮಗಳು ಹೊಸಿಲಿನ ಮೇಲೆ ನಿಂತಿದ್ದಳು. ಸಾವಿರ ಎಂದಾಗ ಅವನ ಕಾಲು ಅವಳ ಅಂಗಳದ ನಡುವೆ ಊರಿತು. ಬುಟ್ಟಿ ಇಳಿಸಿದರು. ಅವನು ಬಗ್ಗಿ ಗೆರೆ ಎಳೆದ. ಕೋಳಿಗೂಡು ಒಳಗೆ ಉಳಿಯಿತು, ಮನೆ ಹೊರಗಾಯಿತು.

ಆ ಚಳಿಗಾಲದಲ್ಲಿ ಅವನು ಮಹಾಸಭೆಗೆ ಹೊರಟ.

ಮಹಾಸಭೆ ಎಂದರೆ ನಾಲ್ಕು ದಿನದ ಗಾಡಿ ದಾರಿ. ಹೊಳೆ ದಂಡೆಯ ಪಟ್ಟಣದಲ್ಲಿ ಕಬ್ಬಿಣದ ಒಲೆ ಇಟ್ಟ ಒಂದು ದೊಡ್ಡ ಹಜಾರ. ಊರಿಗೊಬ್ಬರಂತೆ ಹೆಜ್ಜೆಗಾರರು ಬಂದು ಕೂರುತ್ತಾರೆ. ಅಲ್ಲಿ ಅವನು ಎದ್ದು, ಮನುಷ್ಯನ ಕಾಲು ಕುಗ್ಗುತ್ತದೆ, ಮರದ ಕೋಲು ಕುಗ್ಗುವುದಿಲ್ಲ, ಊರಿಗೊಂದು ಕೋಲು ಕಡಿಸೋಣ, ಇನ್ನು ಮುಂದೆ ಅದರಿಂದಲೇ ಅಳೆಯೋಣ ಎಂದನಂತೆ. ಎಳೆಯ ಕಾಲಿನವರು ನಕ್ಕರು. ಮುದಿ ಕಾಲಿನವರು ತಮ್ಮ ಪಾದ ಬೆಂಚಿನ ಕೆಳಕ್ಕೆ ಎಳೆದುಕೊಂಡರು. ಮುಂದಿನ ಚಳಿಗಾಲಕ್ಕೆ ನೋಡೋಣ ಎಂದರು.

ಮುಂದಿನ ಚಳಿಗಾಲ ಹೋದ. ಅದರ ಮುಂದಿನ ಚಳಿಗಾಲವೂ ಹೋದ. ಐದು ಜನರ ಸಮಿತಿ ಆಯಿತು, ಸಮಿತಿಯನ್ನು ನೋಡುವ ಏಳು ಜನರ ಸಮಿತಿ ಆಯಿತು. ಗಾಡಿಯ ಕುಲುಕು, ಬೆಂಚಿನ ಚಳಿ, ಪ್ರತಿ ವಸಂತದಲ್ಲೂ ಮಂಡಿ ಇನ್ನಷ್ಟು ಬಿಗಿದುಕೊಂಡು ಬರುತ್ತಿದ್ದ. ಕಾನೂನು ಒಂದೊಂದು ಸಾಲು ಬೆಳೆದ ಹಾಗೆ ಹೆಜ್ಜೆ ಎರಡೆರಡು ಬೆರಳು ಇಳಿಯಿತು. ಪಡುವಲ ಸಾಲು ಹೋಯಿತು. ಬಡಗಲ ಕಣಗಳು ಹೋದವು. ಹೊರಗಾದವರು ಊರು ಬಿಟ್ಟು ಹೋಗಲಿಲ್ಲ. ಮುಂದಿನ ವರ್ಷ ಹೆಜ್ಜೆ ಬೆಳೆಯಬಹುದು ಎಂದೋ, ಅಥವಾ ಬಾಯಿ ಬಿಟ್ಟು ಹೇಳಲಾಗದ ಇನ್ನೊಂದು ಆಸೆಯಿಂದಲೋ, ಗೆರೆಯ ಆಚೆಗೇ ಕುಳಿತರು. ಅವನು ಸತ್ತರೆ ಹೊಸಬನೊಬ್ಬ ಬರುತ್ತಾನೆ. ಎಳೆಯ ಕಾಲಿನವನು.

ನನ್ನ ವಿಷಯ ಮುಚ್ಚಿಡುವುದಿಲ್ಲ. ದಾರ ಕುಗ್ಗಿದಷ್ಟೂ ನನ್ನ ಥಾನು ಹೆಚ್ಚು ದಿನ ಬಾಳಿತು. ಒಂದು ಹೆಜ್ಜೆ ಬಟ್ಟೆ ಎಂದು ಕೇಳಿದವನಿಗೆ ಆ ವರ್ಷದ ಹೆಜ್ಜೆ ಕೊಟ್ಟೆ, ತಪ್ಪೇನಿಲ್ಲ, ಅದೇ ಕಟ್ಟಳೆ. ಬಾವಿಯ ಮುಂದೆ ನೂಕುನುಗ್ಗಲೂ ಕಡಿಮೆಯಾಯಿತು. ನನ್ನ ಅಂಗಡಿ ಕಲ್ಲಿನಿಂದ ಪಡುವಲಿಗೆ, ಮೊದಲ ವರ್ಷದ ಹೆಜ್ಜೆಯಲ್ಲಿ, ಮುನ್ನೂರನೆಯದಕ್ಕೆ ಸಿಗುತ್ತಿತ್ತು. ಅವನ ಹೆಜ್ಜೆ ಅರ್ಧಕ್ಕೆ ಇಳಿದರೂ ನಾನು ಒಳಗೇ. ಹಾಗಾಗಿ ನಾನು ನಿದ್ದೆ ಕೆಡಿಸಿಕೊಳ್ಳಲಿಲ್ಲ.

ಹತ್ತನೆಯ ಚಳಿಗಾಲ ಮಹಾಸಭೆ ಒಂದು ಪ್ರಶ್ನೆ ಹಾಕಿತಂತೆ: ಕೋಲು ಕಡಿಸೋಣ ಸರಿ, ಯಾವ ವರ್ಷದ ಹೆಜ್ಜೆಗೆ? ನಿನ್ನ ಹೆಜ್ಜೆ ಐದು ಗೇಣಿತ್ತು ಎನ್ನುತ್ತೀಯ, ಗುರುತು ಎಲ್ಲಿ? ಗುರುತು ತರುತ್ತೇನೆ ಎಂದು ಅವನು ಕೋಲೂರಿಕೊಂಡು ನೇರ ನನ್ನ ಅಂಗಡಿಗೆ ಬಂದ.

“ಸಾಹುಕಾರ್ರೇ, ನನ್ನ ಮೊದಲ ವರ್ಷದ ದಾರ ಎಲ್ಲಾದರೂ ಇದೆಯಾ?”

ಇತ್ತು. ಅಷ್ಟು ಒಳ್ಳೆಯ ನೂಲನ್ನು ಒಲೆಗೆ ಹಾಕುವುದು ನನ್ನ ಕೈಯಲ್ಲಿ ಆಗಿರಲಿಲ್ಲ. ನಾನು ಕೂತಿದ್ದ ಗಲ್ಲಾಪೆಟ್ಟಿಗೆಯ ತಳದಲ್ಲೇ, ಎರಡು ಅರಗಿನ ಗಂಟಿನ ಸಮೇತ, ಸುತ್ತಿಟ್ಟಿದ್ದೆ. ಅದು ಹೊರಗೆ ಬಂದರೆ ನಾಳೆಯಿಂದ ನನ್ನ ಬಟ್ಟೆಯೂ ಐದು ಗೇಣಿನಂತೆಯೇ ಅಳೆಯಬೇಕು, ಮತ್ತೆ ಇಡೀ ಬಯಲು ಬಾವಿಯ ಮುಂದೆ ಬಂದು ನಿಲ್ಲುತ್ತದೆ.

“ಹಳೆ ದಾರ ಸುಡಬೇಕು ಅಂತ ಅಲ್ವಾ ಕಟ್ಟಳೆ, ಹೆಜ್ಜೆಗಾರರೇ?”

“ಸುಟ್ಟಿರಾ?”

“ಸುಟ್ಟೆ.”

ಅವನು ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಆಮೇಲೆ, “ಸರಿಯಾಗೇ ಮಾಡಿದಿರಿ” ಎಂದ. ಅಂಥ ಮನುಷ್ಯ.

ಹನ್ನೊಂದನೆಯ ಚಳಿಗಾಲ ಕಾನೂನು ಹೊರಟಿತು. ಊರಿಗೊಂದು ಕೋಲು, ನೆಲಕ್ಕೂ ಅದೇ, ಬಟ್ಟೆಗೂ ಅದೇ, ಎಂದೆಂದಿಗೂ ಅದೇ. ಕೋಲನ್ನು ಕಡಿಯುವುದು, ಹಳೆಯದಕ್ಕೆ ಗುರುತಿಲ್ಲದ ಊರಿನಲ್ಲಿ, ಬರುವ ಅಳತೆಯ ದಿನ ಹೆಜ್ಜೆಗಾರ ಹಾಕುವ ಒಂದು ಹೆಜ್ಜೆಗೆ. ಅದಕ್ಕೆ ಮುಂಚೆ ಅವನು ಸತ್ತರೆ ಆ ಊರಿಗೆ ಕಾನೂನು ಇಲ್ಲ, ಹಿಂದಿನ ಪದ್ಧತಿಯೇ. ಅವನು ಆ ಕಾಗದವನ್ನು ಮಡಚಿ ಎದೆಗಿಟ್ಟುಕೊಂಡು ಬಂದು ಇಳಿದಾಗ ಗಾಡಿಯಿಂದ ಅವನನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಹಿಂದಿನ ಅಳತೆಯಲ್ಲಿ ಅವನ ಹೆಜ್ಜೆ ಮೂರು ಗೇಣಿತ್ತು.

ಕಾಗದವನ್ನು ಕರಣಿಕ ಕಲ್ಲಿನ ಮೇಲೆ ನಿಂತು ಓದಿದ. ಎಲ್ಲರಿಗೂ ಅರ್ಥವಾಗಿತ್ತು. ಮಗಳನ್ನು ಒಳಕ್ಕೆ ತರಲೆಂದು ಅವನು ಹನ್ನೊಂದು ಚಳಿಗಾಲ ಬೇಡಿ ತಂದ ಕಾನೂನು ಅವಳನ್ನು ಎಂದೆಂದಿಗೂ ಹೊರಗಿಡುತ್ತದೆ. ಅವನು ಸುಮ್ಮನೆ ಮನೆಯಲ್ಲಿ ಕೂತು ಮುದುಕನಾಗಿ ಸತ್ತಿದ್ದರೆ ಸಾಕಿತ್ತು.

ಕೊಯ್ಲು ಶುರುವಾಯಿತು. ಒಂದು ಮಧ್ಯಾಹ್ನ ಮಗಳು ಗೆರೆಯ ಹತ್ತಿರ ಬಂದು ನಿಂತಿದ್ದಾಳೆಂದು ಸುದ್ದಿ ಬಂತು. ಅವನಿಗೆ ನಡೆಯಲು ಒಬ್ಬರ ಭುಜ ಬೇಕಾಗಿತ್ತು. ಅವನ ಮನೆ ನನ್ನ ಅಂಗಡಿಯ ಹಿಂದೆಯೇ, ಹಾಗಾಗಿ ಭುಜ ನನ್ನದು. ಆಚೆ ಕುಂಬಾರನೂ ಹತ್ತಿಪ್ಪತ್ತು ಜನರೂ ದೂರದಲ್ಲಿ ನಿಂತಿದ್ದರು. ಅವರೇ ಕಳಿಸಿದ್ದು ಎಂಬುದು ಕಾಣುತ್ತಿತ್ತು.

“ಅಪ್ಪ, ಇವರು ಒಂದು ಮಾತು ಹೇಳು ಅಂತ ಕಳಿಸಿದಾರೆ,” ಎಂದಳು. “ನಾನು ಅದನ್ನ ಹೇಳಲ್ಲ.”

“ಹೇಳಬೇಡ. ಗೊತ್ತಾಯ್ತು.”

“ಕಾಲು ಹೇಗಿದೆ?”

“ಇದೆ.”

ಅವಳು ಸೆರಗಿನಿಂದ ಎರಡು ರೊಟ್ಟಿ ತೆಗೆದು ಗೆರೆಯ ಮೇಲೆ ಇಟ್ಟಳು. ಅವನು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಲಿಲ್ಲ ಎಂಬುದನ್ನು ನೋಡಿದ ಮೇಲೆಯೇ ಅವಳ ಮುಖ ಬಾಡಿತು. ಅದು ಅವನ ಉತ್ತರ ಎಂದು ಅವಳಿಗೆ ನನಗಿಂತ ಮೊದಲು ತಿಳಿಯಿತು.

ಅಂದಿನಿಂದ ಅವನು ಊಟ ಬಿಟ್ಟ. ಅಳತೆಗೆ ಹದಿನಾರು ದಿನ ಉಳಿದಿತ್ತು.

ಊರಿನ ಹಿರಿಯರು ನನ್ನ ಅಂಗಡಿಯಲ್ಲಿ ಸೇರಿದರು. ಅವನು ಸತ್ತರೆ ಕೋಲಿಲ್ಲ. ಕೋಲಿಲ್ಲದಿದ್ದರೆ ಹೊಸ ಕಾಲು, ಹೊರಗಿನವರೆಲ್ಲ ಒಳಗೆ, ಮತ್ತೆ ಹಗ್ಗಕ್ಕೆ ಜಗಳ, ಮತ್ತೆ ಹೆಣ. ಹೀಗೆ ಮಾತಾಡಿಕೊಂಡರು. ಯಾರೂ ತಮ್ಮ ಸ್ವಂತದ ಮಾತು ಆಡಲಿಲ್ಲ, ಊರಿನ ಮಾತೇ ಆಡಿದರು. ನಾನು ಮನಸ್ಸಿನಲ್ಲೇ ಅಳೆದು ನೋಡಿಕೊಂಡೆ. ಮೂರು ಗೇಣಿನ ಸಾವಿರ ಎಂದರೆ ಹಳೆಯ ಆರುನೂರು ಹೆಜ್ಜೆ. ನನ್ನ ಅಂಗಡಿ ಮುನ್ನೂರಕ್ಕೆ. ಒಂದು ಗೇಣು ಕಮ್ಮಿಯಾದರೂ ಅಡ್ಡಿಯಿಲ್ಲ. ಅವನನ್ನು ಬದುಕಿಸಬೇಕು ಎಂದೆ.

ಬೆಳಗ್ಗೆ ಹಾಲು, ಸಂಜೆ ಹಾಲು. ಇಬ್ಬರು ಹಿರಿಯರು ಭುಜ ಹಿಡಿಯುತ್ತಿದ್ದರು, ಒಬ್ಬರು ದವಡೆ ಹಿಡಿಯುತ್ತಿದ್ದರು. ಬಟ್ಟಲು ನನ್ನ ಕೈಯಲ್ಲಿ. ಅರ್ಧ ಗಡ್ಡಕ್ಕೆ ಹೋಗುತ್ತಿತ್ತು, ಅರ್ಧ ಗಂಟಲಿಗೆ. ಅವನು ಬೈಯಲಿಲ್ಲ, ಅಳಲಿಲ್ಲ. ಆರನೆಯ ದಿನವೋ ಏಳನೆಯ ದಿನವೋ ಒಂದು ಮಾತು ಆಡಿದ.

“ಸಾಹುಕಾರ್ರೇ, ಬಾಯಿ ಬಿಡಿಸಬೇಡಿ.”

“ಇನ್ನು ಹತ್ತು ದಿನ, ಹೆಜ್ಜೆಗಾರರೇ. ಆಮೇಲೆ ನಿಮ್ಮಿಷ್ಟ,” ಎಂದೆ.

ಹಸಿವೂ ಹಾಲೂ ಹದಿನಾರು ದಿನ ಅವನ ಮೈಯಲ್ಲಿ ಜಗ್ಗಾಡಿದವು. ಯಾವುದೂ ಗೆಲ್ಲಲಿಲ್ಲ. ಅಳತೆಯ ಬೆಳಗ್ಗೆ ಅವನು ಬದುಕಿದ್ದ, ಅಷ್ಟೆ.

ಕುರ್ಚಿಯಲ್ಲಿ ಹೊತ್ತು ತಂದೆವು. ಬಾವಿಯ ನೀರು ಸೇದಿ ಅವನ ಕಾಲು ನಾನೇ ತೊಳೆದೆ. ಕುದುರೆಯಂಥ ಆ ಕಾಲು ಈಗ ಮಗ್ಗದ ಕಡ್ಡಿಯಷ್ಟಿತ್ತು. ಹೊರಗಿನವರು ಗೆರೆಯುದ್ದಕ್ಕೂ ನಿಂತಿದ್ದರು, ದೂರಕ್ಕೆ ಬೇಲಿಯ ಗೂಟಗಳ ಹಾಗೆ. ಪಡುವಲ ಕಡೆಯ ಒಂದು ಗೂಟ ಅವನ ಮಗಳು. ಅವನು ಅತ್ತ ಕಡೆಗೇ ಮುಖ ಮಾಡಿ ನಿಲ್ಲಿಸಿ ಎಂದ. ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿದೆವು. ಕಟ್ಟಳೆಯಂತೆ ಕೈ ಬಿಟ್ಟೆವು.

ಸಾಯಲಾಗಲಿಲ್ಲ ಎಂದ ಮೇಲೆ ಅವನಿಗೆ ಉಳಿದಿದ್ದು ಇನ್ನೊಂದೇ ದಾರಿ. ಅದನ್ನು ಅವನು ಹಿಡಿಯಲು ಹೊರಟಿದ್ದಾನೆಂದು ನನಗೆ ಅವನ ಉಸಿರಿನಿಂದ ತಿಳಿಯಿತು. ಎದೆ ತುಂಬ ಉಸಿರು ಎಳೆದುಕೊಂಡ. ಬಲಗಾಲು ಎತ್ತಿದ. ಎತ್ತಿದ, ಚಾಚಿದ. ಒಂದು ಗಳಿಗೆ ಆ ಕಾಲು ಗಾಳಿಯಲ್ಲಿ ಹಳೆಯ ಹಾಗೆಯೇ, ಐದು ಗೇಣಿನ ದೂರಕ್ಕೆ, ನಿಂತಿತು. ನಾನು ಕಣ್ಣಾರೆ ಕಂಡೆ. ಕರಣಿಕ ಬಾಯಿ ತೆರೆದ. ದೂರದಲ್ಲಿ ಗೂಟಗಳು ಅಲುಗಾಡಿದವು.

ಕರಣಿಕ ಒಂದು ಎಂದ. ಊರು ಒಂದು ಎಂದಿತು. ಕಾಲು ಗಾಳಿಯಿಂದ ಹಿಂದಕ್ಕೆ ಬಂದು ಇನ್ನೊಂದು ಕಾಲಿನ ಮುಂದೆಯೇ ಬಿತ್ತು. ಅವನು ಅದರ ಮೇಲೆ ಕುಸಿದ. ಕರಣಿಕ ಬಗ್ಗಿ ಹಿಡಿದು ನೋಡಿದ.

ಒಂದು ಗೇಣು.

ಅದೇ ಅಳತೆಗೆ ಎರಡು ಕೋಲು ಕಡಿದರು. ಒಂದನ್ನು ಕಲ್ಲಿನ ಬುಡದಲ್ಲಿ ಹೂಳಿದರು, ಇನ್ನೊಂದನ್ನು ಬಟ್ಟೆಗೆಂದು ನನ್ನ ಕೈಗೆ ಕೊಟ್ಟರು. ನನ್ನ ಕೋಲನ್ನೇ ತೆಗೆದುಕೊಂಡು ಕರಣಿಕ ನೆಲದ ಮೇಲೆ ಮಗುಚಿ ಮಗುಚಿ ಇಡುತ್ತ ಹೊರಟ. ಒಂದು, ಎರಡು, ಮೂರು. ಹೆಜ್ಜೆಗಾರನನ್ನು ಕುರ್ಚಿಯಲ್ಲಿ ಹಿಂದೆಯೇ ಹೊತ್ತು ತಂದರು. ಮೂಡಲು, ತೆಂಕಲು, ಬಡಗಲು ಆಯಿತು. ಕೊನೆಗೆ ಪಡುವಲು. ಎಣಿಸುತ್ತ ಎಣಿಸುತ್ತ ನಮ್ಮ ದನಿ ಸಣ್ಣಗಾಗುತ್ತ ಬಂತು. ಒಬ್ಬೊಬ್ಬರಿಗೇ ತಂತಮ್ಮ ಮನೆ ಇನ್ನೂ ಎಷ್ಟು ದೂರ ಇದೆ ಎಂಬುದು ಕಾಣಹತ್ತಿತು. ಕರಣಿಕ ಸಾವಿರ ಎಂದಾಗ ನನ್ನ ಅಂಗಡಿಯ ಬಾಗಿಲು ಹಳೆಯ ನೂರು ಹೆಜ್ಜೆ ಮುಂದಿತ್ತು. ಐನೂರು ಗೇಣು.

ಸುಣ್ಣದ ಬುಟ್ಟಿ ಇಳಿಸಿದರು. ಕರಣಿಕ ಕೋಲನ್ನು ನನಗೆ ಮರಳಿಸಿ, ಹೆಜ್ಜೆಗಾರನ ಕೈಯನ್ನು ಸುಣ್ಣದಲ್ಲಿ ಅದ್ದಿ, ತಾನೇ ಹಿಡಿದು, ಗೆರೆ ಎಳೆಸಿದ. ಆಗ ಅವನು ತಲೆ ಎತ್ತಿ ನನ್ನನ್ನು ನೋಡಿದ.

“ಸಾಹುಕಾರ್ರೇ, ದಾಟಿ. ನಿಮ್ಮ ಮನೆ ಆ ಕಡೆ.”

ಅದರಲ್ಲಿ ಕೊಂಕು ಇರಲಿಲ್ಲ. ಹನ್ನೆರಡು ವರ್ಷ ಅವನು ಎಲ್ಲರಿಗೂ ಹಾಗೆಯೇ ಹೇಳಿದ್ದ.

ನಾನು ದಾಟಿದೆ. ಅವನ ಮನೆಯೂ ಆ ಕಡೆಯೇ. ಕುರ್ಚಿ ಹೊತ್ತಿದ್ದವರ ಮನೆ ಈ ಕಡೆ, ಅವರು ಗೆರೆಯ ಮೇಲೆ ಕುರ್ಚಿ ಇಳಿಸಿ ನಿಂತುಬಿಟ್ಟರು. ನಾನು ಅವನನ್ನು ಬೆನ್ನಿಗೆ ಹಾಕಿಕೊಂಡೆ. ಒಂದು ಥಾನು ಹತ್ತಿ ಬಟ್ಟೆಯ ಭಾರವೂ ಇರಲಿಲ್ಲ. ಅಂಗಡಿ ಮುಟ್ಟುವ ಹೊತ್ತಿಗೆ ನನ್ನ ಕಿವಿಯ ಹತ್ತಿರ ಬರುತ್ತಿದ್ದ ಉಸಿರು ನಿಂತಿತ್ತು.

ಅಷ್ಟರಲ್ಲಿ ಹೊರಗಿನವರು ಒಳಕ್ಕೆ ನಡೆದು ಬರತೊಡಗಿದ್ದರು. ಒಳಗೆ ಎನ್ನುವುದು ಅಲ್ಲಿ ಈಗ ಇರಲಿಲ್ಲವಲ್ಲ. ಕುಂಬಾರ ಎಲ್ಲರಿಗಿಂತ ಮುಂದೆ ಬಂದು ನನ್ನ ಬಾಗಿಲಲ್ಲಿ ನಿಂತ. ಹನ್ನೆರಡು ವರ್ಷದ ಮೇಲೆ ನನ್ನ ಜೊತೆ ಮಾತಾಡಿದ.

“ಬನ್ನಿ ಸಾಹುಕಾರ್ರೇ,” ಎಂದ. “ಹೊಳೆ ದಾರಿ ತೋರಿಸ್ತೀವಿ. ಬಿಂದಿಗೆ ಇಲ್ಲದಿದ್ದರೆ ನನ್ನ ಹತ್ತಿರ ಇದೆ.”

ಅವನ ಹಿಂದೆ ಮಗಳು ಬಂದಳು. ಪಡುವಲ ತುದಿಯಿಂದ ತವರಿನ ಬಾಗಿಲವರೆಗೆ ಒಂದೂ ಗೆರೆ ಅಡ್ಡ ಸಿಗದೆ ನಡೆದು ಬಂದಳು. ಅಪ್ಪ ಬೇಡಿ ಹೋಗಿದ್ದು ಅವಳಿಗೆ ಹೀಗೆ ಸಿಕ್ಕಿತು. ಅಂಗಡಿಯ ಜಗಲಿಯ ಮೇಲೆ ಅವನನ್ನು ಮಲಗಿಸಿದ್ದೆ. ಅವಳು ಹತ್ತಿರ ಕೂತು, ಕೈಯ ಸುಣ್ಣ ಒರೆಸಿ, ಬಟ್ಟೆ ಕೊಡಿ ಎಂದಳು.

ಬಿಳಿ ಥಾನು ಬಿಚ್ಚಿದೆ. ಕೋಲು ಇಟ್ಟು ಅಳೆದೆ. ಒಂದು, ಎರಡು, ಮೂರು. ಹರಿದುಕೊಟ್ಟೆ. ಮುಖದಿಂದ ಹೊದಿಸಿದಳು, ಸೊಂಟಕ್ಕೆ ಮುಗಿಯಿತು. ಕಾಲೆರಡೂ ಪೂರ್ತಿ ಹೊರಗೆ.

“ಇನ್ನಷ್ಟು ಕೊಡಿ.”

“ಹೆಣಕ್ಕೆ ಮೂರೇ ಅಮ್ಮ. ಹೆಚ್ಚು ಕೊಟ್ಟರೆ ಹೊರಳಿ ಬರುತ್ತಾರೆ.”

“ಬರಲಿ,” ಎಂದಳು. “ಬಂದು ಇನ್ನೊಂದು ಹೆಜ್ಜೆ ಹಾಕಲಿ.”

ಕೊಡಬಾರದೆ? ಥಾನು ನನ್ನದು, ಅಂಗಡಿ ನನ್ನದು, ಊರು ನನ್ನದಲ್ಲ. ಕೊಡೋಣ ಎಂದೇ ಕೈ ಎತ್ತಿದೆ. ನಲವತ್ತು ವರ್ಷದ ಕೈ, ಅದು ಹೋಗಿ ಕೋಲನ್ನೇ ಹಿಡಿಯಿತು. ಕೋಲು ಹಿಡಿದ ಮೇಲೆ ಮೂರಕ್ಕಿಂತ ಮುಂದೆ ಎಣಿಸಲು ನನ್ನಿಂದ ಆಗಲಿಲ್ಲ. ಅವಳು ನೋಡುತ್ತಿದ್ದಳು. ಸುಮ್ಮನೆ ಎದ್ದು ಗಲ್ಲಾಪೆಟ್ಟಿಗೆ ತೆರೆದೆ. ಕಾಲಿನ ಹೆಬ್ಬೆರಳು ಕಟ್ಟಲು ದಾರ ಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡು ತಳದಲ್ಲಿದ್ದುದನ್ನು ತಂದುಕೊಟ್ಟೆ.

ಅವಳು ಬಿಚ್ಚಿದಳು. ಗಂಟು ಮುಟ್ಟಿ ನೋಡಿದಳು. ಅರಗು ಇನ್ನೂ ಕೆಂಪಾಗಿಯೇ ಇತ್ತು.

“ಇದು ಯಾವ ವರ್ಷದ್ದು?”

“ಮೊದಲನೇದು.”

ಅವಳು ಬೈದಿದ್ದರೆ ನಾನು ಏನಾದರೂ ಉತ್ತರ ಹೇಳಿಕೊಳ್ಳುತ್ತಿದ್ದೆ. ಅವಳು ತಂದೆಯ ಎರಡು ಹೆಬ್ಬೆರಳು ಸೇರಿಸಿ ಹಿಡಿದು ದಾರ ಸುತ್ತಿದಳು. ಒಂದು ಸುತ್ತು, ಎರಡು ಸುತ್ತು. ಎಷ್ಟು ಸುತ್ತಿದರೂ ಇನ್ನೂ ಇತ್ತು. ಕೊನೆಗೆ ಬಿಗಿದು ಕಟ್ಟಿ, ಕತ್ತರಿ ಕೇಳಿದಳು. ಕೊಟ್ಟೆ. ಮಿಕ್ಕಿದ್ದನ್ನು ಕತ್ತರಿಸಿ ನನ್ನ ಅಂಗೈಗೆ ಹಾಕಿದಳು. ನನ್ನ ಕೈಯಲ್ಲಿದ್ದ ಕೋಲಿನ ಪಕ್ಕದಲ್ಲೇ ಅದು ಬಿತ್ತು. ಸರಿಯಾಗಿ ಕೋಲಿನಷ್ಟೇ ಇತ್ತು.

“ನಿಮಗೆ ಇಷ್ಟು ಸಾಕಲ್ವಾ,” ಎಂದಳು.